ಹೊರರಾಜ್ಯದಲ್ಲೂ ಗೋದಾಮು ಇರುವ ದಾವಣಗೆರೆಯ ವರ್ತಕರು ವಿಮೆ ಮಾಡಿಸುವ ಕ್ರಮ

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳ ಖರೀದಿಸಿ ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಫಾರಂಗಳಿಗೂ ಮಹಾರಾಷ್ಟ್ರದ ಸಾಂಗ್ಲಿಗೂ ಕಳುಹಿಸುವ ವರ್ತಕರು, ಆ ಊರುಗಳಲ್ಲಿಯೂ ಗೋದಾಮು ಹಿಡಿದಾಗ, ರಾಜ್ಯಕ್ಕೊಂದು ವಿಮೆ ಬೇಕೇ ಎಂದು ಕೇಳುವುದುಂಟು. ಬೇಕಿಲ್ಲ. ವಿಮೆಗೆ ಇಡೀ ದೇಶದಲ್ಲಿ ಐಆರ್‌ಡಿಎಐ ಒಂದೇ ನಿಯಂತ್ರಕ ಸಂಸ್ಥೆಯಾಗಿರುವುದರಿಂದ, ಇಲ್ಲಿನ ಶಾಖೆಯಲ್ಲಿ ಪಡೆದ ಪಾಲಿಸಿಗೆ ರಾಜ್ಯದ ಗಡಿ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ವಿಳಾಸ. ಪಾಲಿಸಿಯಲ್ಲಿ ಬರೆಸದ ಗೋದಾಮಿನಲ್ಲಿ ಸುಟ್ಟ ದಾಸ್ತಾನಿಗೆ ಪರಿಹಾರ ಕೇಳುವುದು ಬಹಳ ಕಷ್ಟ.

ಆದ್ದರಿಂದ ಏಜೆಂಟರನ್ನು ಕಾಣುವ ಮೊದಲು, ಸರಕು ಇಳಿಸಿಡುವ ಎಲ್ಲ ಜಾಗಗಳ ಪಟ್ಟಿಯನ್ನು ಪಿನ್‌ಕೋಡ್, ಚಾವಣಿಯ ಬಗೆ ಮತ್ತು ಸುಗ್ಗಿಯ ದಿನಗಳಲ್ಲಿ ಅಲ್ಲಿ ಸೇರುವ ಅತಿ ಹೆಚ್ಚು ದಾಸ್ತಾನಿನ ಮೌಲ್ಯದೊಡನೆ ಬರೆದಿಟ್ಟುಕೊಳ್ಳಿ. ಬಯಲಿನಲ್ಲಿ ಒಣಹಾಕುವ ಕಾಳಿದ್ದರೆ ಅದನ್ನೂ ಪ್ರತ್ಯೇಕವಾಗಿ ತಿಳಿಸಬೇಕು. ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆಂಬ ನೆಮ್ಮದಿಯಲ್ಲಿ ಇರಬೇಡಿ. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕು ಕೊಡುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಪಾಲಿಸಿಯಲ್ಲಿ ಎಷ್ಟೋ ವೇಳೆ ಊರಿನ ಗೋದಾಮಿನ ವಿಳಾಸ ಮಾತ್ರ ಇರುತ್ತದೆ.

ಒಂದು ಸ್ಥಳದಲ್ಲಿರುವ ಸ್ವತ್ತಿನ ಒಟ್ಟು ಮೌಲ್ಯ 5 ಕೋಟಿ ರೂ. ಮೀರದಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದಕ್ಕಿಂತ ಹೆಚ್ಚಾಗಿ 50 ಕೋಟಿ ರೂ.ವರೆಗೆ ಇದ್ದರೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಎಂಬ ಪಾಲಿಸಿಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರಕು ಒಂದು ಗೋದಾಮಿನಿಂದ ಇನ್ನೊಂದಕ್ಕೆ ತಿರುಗುತ್ತಲೇ ಇದ್ದರೆ ಫ್ಲೋಟರ್ ಕೇಳಿ. ಪಟ್ಟಿಯಲ್ಲಿರುವ ಎಲ್ಲ ಗೋದಾಮುಗಳ ದಾಸ್ತಾನಿಗೂ ಆಗ ಒಂದೇ ವಿಮಾ ಮೊತ್ತ ಅನ್ವಯಿಸುತ್ತದೆ. ಆದರೆ ಆ ಮೊತ್ತವನ್ನು ಯಾವುದೋ ಒಂದು ಗೋದಾಮಿನ ಲೆಕ್ಕಕ್ಕೆ ಇಳಿಸಬಾರದು. ಮೂರೂ ಕಡೆ ಸೇರಿ 1 ಕೋಟಿ ರೂ. ಮೌಲ್ಯದ ಮೆಕ್ಕೆಜೋಳವಿದ್ದು, 60 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಸಾಂಗ್ಲಿಯಲ್ಲಿ 20 ಲಕ್ಷದ ಸರಕು ಸುಟ್ಟಾಗ ಹಾನಿಯನ್ನು ಅಂದಾಜಿಸುವ ಸರ್ವೇಯರ್ ಅದೇ ಅನುಪಾತದಲ್ಲಿ 12 ಲಕ್ಷವನ್ನಷ್ಟೇ ಲೆಕ್ಕ ಹಾಕುತ್ತಾರೆ. ಈ ಪಾಲಿಸಿಗಳಲ್ಲಿ ಶೇ 15ರವರೆಗಿನ ಕೊರತೆಗೆ ವಿನಾಯಿತಿ ಇದೆ, ಅದಕ್ಕಿಂತ ಹೆಚ್ಚಿನದಕ್ಕೆ ಇಲ್ಲ. ಪ್ರೀಮಿಯಂ ಉಳಿಸುವ ಆಸೆಯಿಂದ ವರ್ತಕರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳ್ಳತನಕ್ಕೆ ಬರ್ಗ್ಲರಿ ಪಾಲಿಸಿಯನ್ನು ಬೇರೆಯಾಗಿಯೇ ಪಡೆಯಬೇಕು. ಹಸಿ ಕಾಳಿಗೆ ತಾನಾಗಿ ಹಿಡಿಯುವ ಬೂಷ್ಟಿಗೆ ಬೆಂಕಿ ವಿಮೆಯಲ್ಲಿ ಪರಿಹಾರವಿಲ್ಲ.

ದಾರಿಯಲ್ಲಿರುವ ಸರಕಿಗೆ ಗೋದಾಮಿನ ಪಾಲಿಸಿ ಸಾಕಾಗುವುದಿಲ್ಲ, ಲಾರಿಯ ವಿಮೆಯೂ ಒಳಗಿನ ಲೋಡಿಗೆ ಅನ್ವಯಿಸುವುದಿಲ್ಲ. ರಸ್ತೆಯ ಸಾಗಣೆಯಾದರೂ ‘ಮರೈನ್’ ಎಂದೇ ಕರೆಯುವ ಓಪನ್ ಪಾಲಿಸಿಯನ್ನು ವರ್ಷಕ್ಕೊಮ್ಮೆ ಪಡೆದು, ಕಳುಹಿಸಿದ ಪ್ರತಿ ಲೋಡನ್ನೂ ತಪ್ಪದೆ ಘೋಷಿಸಿ. ಹಾನಿ ಕಂಡರೆ ಲಾರಿ ರಸೀದಿಯ ಮೇಲೆಯೇ ಷರಾ ಬರೆಸಿ, ಟ್ರಾನ್ಸ್‌ಪೋರ್ಟಿನವರಿಗೆ ಲಿಖಿತ ನೋಟಿಸ್ ಕೊಡಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಈ ನೋಟಿಸ್ ಹೋಗದಿದ್ದರೆ ಅವರ ಮೇಲೆ ದಾವೆ ಹೂಡಲಾಗದು; ಆ ಹಕ್ಕು ನಿಮ್ಮ ಅಲಕ್ಷ್ಯದಿಂದ ಕೈತಪ್ಪಿದರೆ ವಿಮಾ ಕಂಪನಿಯೂ ಕ್ಲೇಮಿಗೆ ತಕರಾರು ತೆಗೆಯಬಹುದು.

ಹೊರರಾಜ್ಯದ ಶಾಖೆಯ ನೌಕರರನ್ನು ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿ ತರುವಾಗ ಆ ಶಾಖೆಗೆ ಉಪಸಂಕೇತ (ಸಬ್‌ಕೋಡ್) ಪಡೆಯಬೇಕು. ಇಎಸ್‌ಐಗೆ ಸೇರದ ಹಮಾಲರಿಗೆ ನೌಕರರ ಪರಿಹಾರ ವಿಮೆ ಮಾಡಿಸಿ, ಪ್ರತಿ ಊರಿನ ಕೂಲಿಯ ನಿಜವಾದ ಮೊತ್ತವನ್ನು ತಿಳಿಸಿ. ಮೂಟೆ ಹೊತ್ತು ಬೆನ್ನು ಮುರಿದವನ ಮನೆಯವರಿಗೆ ಆಸರೆಯಾಗುವುದು ಇದೇ ಪಾಲಿಸಿ.

ಚಳ್ಳಕೆರೆಯ ಎಣ್ಣೆ ಮಿಲ್ಲಿನವರಂತೆ ತೆರಿಗೆಯುಳ್ಳ ಸರಕು ಮಾರುವವರು, ಹಲವು ರಾಜ್ಯಗಳ ಶಾಖೆಗಳಿಗೆ ಒಂದೇ ಪಾಲಿಸಿ ಪಡೆದಿದ್ದರೆ, ಪ್ರೀಮಿಯಂ ಮೇಲಿನ ಜಿಎಸ್‌ಟಿ ಕ್ರೆಡಿಟ್ ಅನ್ನು ಐಎಸ್‌ಡಿ (ಶಾಖೆಗಳಿಗೆ ಕ್ರೆಡಿಟ್ ಹಂಚುವ ‘ಇನ್‌ಪುಟ್ ಸರ್ವೀಸ್ ಡಿಸ್ಟ್ರಿಬ್ಯೂಟರ್’) ನೋಂದಣಿಯ ಮೂಲಕವೇ ಹಂಚಬೇಕೆಂಬ ನಿಯಮ 2025ರ ಏಪ್ರಿಲ್ 1ರಿಂದ ಇದೆ. ಈ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ.

ವರ್ಷದ ಮಧ್ಯದಲ್ಲಿ ಗೋದಾಮು ಬದಲಾಯಿಸಿದರೆ, ಅದು ಎದುರು ಬೀದಿಯಲ್ಲೇ ಇದ್ದರೂ, ಮೊದಲ ಮೂಟೆ ಇಳಿಸುವ ಮುನ್ನ ಹೊಸ ವಿಳಾಸವನ್ನು ಸೇರಿಸುವ ಎಂಡಾರ್ಸ್‌ಮೆಂಟ್ ಅನ್ನು ಲಿಖಿತವಾಗಿ ಪಡೆಯಿರಿ. ಹೆಚ್ಚುವರಿ ಪ್ರೀಮಿಯಂ ಕೇಳಿದರೆ ಅದನ್ನೂ ಅಂದೇ ಕಟ್ಟಿರಿ. ಏಕೆಂದರೆ 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಸಂದಾಯವಾಗುವ ಮೊದಲು ಕಂಪನಿ ಹೊಣೆ ಹೊರುವಂತಿಲ್ಲ.