ರನ್ನನ ಗದಾಯುದ್ಧ ಓದೋದು ಹೇಗೆ: ದುರ್ಯೋಧನನ ಜೊತೆ ರಣರಂಗದಲ್ಲಿ ನಡೆಯೋರಿಗೆ

ದುರಂತ ಅಂದ ತಕ್ಷಣ ತುಂಬಾ ಜನ ಶೇಕ್ಸ್‌ಪಿಯರ್ ಕಡೆನೋ ಗ್ರೀಕ್ ನಾಟಕದ ಕಡೆನೋ ಹೋಗ್ತಾರೆ. ಹೋಗ್ಲಿ, ಓದಲೇಬೇಕಾದವೇ ಅವು. ಆದ್ರೆ ನಮ್ಮ ಮುಧೋಳದ ಬಳೆಗಾರರ ಮನೇಲಿ ಹುಟ್ಟಿದ ರನ್ನ ಸುಮಾರು 982ರಲ್ಲಿ ಬರೆದ ಗದಾಯುದ್ಧ ನಮ್ಮ ಕೈಯಲ್ಲೇ ಇದೆ, ಅದನ್ನ ಕಾಲೇಜಲ್ಲಿ ಹತ್ತು ಮಾರ್ಕಿಗೆ ಓದಿ ಬಿಟ್ಟೋರೇ ಜಾಸ್ತಿ, ಅದಕ್ಕೇ ಇದನ್ನ ಬರೀತಿದೀನಿ. ಹಳಗನ್ನಡ ಬರಲ್ಲ ಅಂತ ಹೆದರಿ ದೂರ ಇಟ್ಟವರು ಇದನ್ನ ಹೇಗೆ ಹಿಡೀಬಹುದು, ಎಲ್ಲಿಂದ ಶುರು ಮಾಡ್ಬೇಕು, ಎಲ್ಲಿ ನಿಧಾನ ಆಗ್ಬೇಕು ಅಂತ ನನಗೆ ಗೊತ್ತಿರೋ ಮಟ್ಟಿಗೆ ಹೇಳ್ತೀನಿ.

ಮೊದಲು ಪುಸ್ತಕ. ಪೂರ್ತಿ ಕಾವ್ಯ ಹತ್ತು ಆಶ್ವಾಸ, ಅಂದ್ರೆ ಹತ್ತು ಅಧ್ಯಾಯ, ಚಂಪೂ, ಅಂದ್ರೆ ಪದ್ಯದ ನಡುವೆ ಗದ್ಯ ಬರುತ್ತೆ. ಸೀದಾ ಅದಕ್ಕೆ ಕೈ ಹಾಕಬೇಡಿ. ತೀ.ನಂ.ಶ್ರೀಕಂಠಯ್ಯನವರ ಗದಾಯುದ್ಧ ಸಂಗ್ರಹ ಸಿಕ್ಕಿದ್ರೆ ಅದು, ಇಲ್ಲಾಂದ್ರೆ ಪದ್ಯದ ಕೆಳಗೆ ಹೊಸಗನ್ನಡ ಗದ್ಯಾನುವಾದ ಕೊಟ್ಟಿರೋ ಯಾವ ಪುಸ್ತಕ ಆದ್ರೂ ಸಾಕು, ಜೊತೆಗೊಂದು ಪೆನ್ಸಿಲ್ ಇಟ್ಕೊಳ್ಳಿ.

ಮೊದಲ ಪುಟದಿಂದ ಶುರು ಮಾಡೋದೂ ಬೇಡ. ಅಲ್ಲಿ ಚಾಲುಕ್ಯ ದೊರೆ ಸತ್ಯಾಶ್ರಯನ ಹೊಗಳಿಕೆ ಇದೆ, ಅವನನ್ನೇ ಭೀಮನಿಗೆ ಹೋಲಿಸಿ ರನ್ನ ಕಾವ್ಯ ಕಟ್ಟಿರೋದು, ಸಾಹಸಭೀಮವಿಜಯ ಅಂತ ಇನ್ನೊಂದು ಹೆಸರೂ ಅದಕ್ಕೇ. ಲೆಕ್ಕದ ಪ್ರಕಾರ ನಾಯಕ ಭೀಮ. ಆದ್ರೆ ಓದ್ತಾ ಓದ್ತಾ ಮನಸ್ಸು ಹೋಗೋದು ದುರ್ಯೋಧನನ ಹಿಂದೆ, ರನ್ನನಿಗೂ ಹಾಗೇ ಆಯ್ತೇನೋ ಅಂತ ನನಗೆ ಬಲವಾಗಿ ಅನ್ಸುತ್ತೆ, ಯಾಕಂದ್ರೆ ಅವನ ಅತ್ಯುತ್ತಮ ಪದ್ಯಗಳೆಲ್ಲ ಸೋಲೋನ ಬಾಯಲ್ಲೇ ಇವೆ. ಹಾಗಾಗಿ ನೀವು ಶುರು ಮಾಡಬೇಕಾದ ಜಾಗ, ಯುದ್ಧದ ಕೊನೇಲಿ ಎಲ್ಲಾ ಕಳ್ಕೊಂಡ ದುರ್ಯೋಧನ ಶರಶಯ್ಯೆ ಮೇಲಿರೋ ಭೀಷ್ಮನನ್ನ ನೋಡೋಕೆ ಅಂತ ಸಂಜಯನ ಜೊತೆ ಹೆಣಗಳ ನಡುವೆ ನಡ್ಕೊಂಡು ಹೋಗೋ ಭಾಗ.

ಕಥೆ ಗೊತ್ತಿದೆಯಲ್ಲ, ತೊಡೆ ಮುರಿಯುತ್ತೆ, ಸಾಯ್ತಾನೆ, ಇನ್ನೇನು ಓದೋದು ಅಂತ ಕೇಳೋರಿದಾರೆ. ಅಥೆನ್ಸಿನಲ್ಲಿ ಸೋಫೋಕ್ಲಿಸ್‌ನ ಈಡಿಪಸ್, ಅಂದ್ರೆ ಗೊತ್ತಿಲ್ಲದೆ ಅಪ್ಪನನ್ನ ಕೊಂದು ಅಮ್ಮನನ್ನ ಮದುವೆಯಾದ ರಾಜನ ನಾಟಕ, ನೋಡೋಕೆ ಬಂದ ಜನಕ್ಕೂ ಕಥೆ ಮೊದಲೇ ಗೊತ್ತಿತ್ತು. ಕೊನೆ ಗೊತ್ತಿದ್ದಾಗ ಮುಂದೇನಾಗುತ್ತೆ ಅನ್ನೋ ಆತುರ ಹೋಗುತ್ತೆ, ಆಗ ಆ ಮನುಷ್ಯ ಒಂದೊಂದು ನಷ್ಟದ ಮುಂದೆ ಹೇಗೆ ನಿಲ್ತಾನೆ ಅನ್ನೋದರ ಮೇಲೆ ಕಣ್ಣಿಡಬಹುದು. ನನ್ನ ಮುಖ್ಯ ಸಲಹೆ ಇಷ್ಟೇ: ಇವನ ತಪ್ಪೇನು ಅಂತ ಮೊದಲೇ ಹುಡುಕೋಕೆ ಹೋಗಬೇಡಿ, ಇವನು ಯಾರ್ ಯಾರನ್ನ ಯಾವ ಕ್ರಮದಲ್ಲಿ ಕಳ್ಕೊಂಡ, ಪ್ರತಿಯೊಬ್ಬರ ಹತ್ರ ಏನು ಮಾತಾಡಿದ ಅಂತ ನೋಡ್ತಾ ಹೋಗಿ. ಅರಿಸ್ಟಾಟಲ್ ದುರಂತ ನಾಯಕನ ಲೋಪದ ಬಗ್ಗೆ ಹೇಳಿದ್ದನ್ನ ಹಿಡ್ಕೊಂಡು ಪರೀಕ್ಷೆಗೆ ಉತ್ತರ ಬರೆಯೋರು ಛಲವೇ ಲೋಪ ಅಂತ ಒಂದು ಲೈನಲ್ಲಿ ಮುಗಿಸ್ತಾರೆ, ಅದ್ರಿಂದ ಕಾವ್ಯ ಒಂಚೂರೂ ಕೈಗೆ ಹತ್ತಲ್ಲ.

ಪುಸ್ತಕದ ಅಂಚಲ್ಲಿ ಒಂದು ಪಟ್ಟಿ ಮಾಡ್ಕೊಳ್ಳಿ. ಮೊದಲು ಗುರು ದ್ರೋಣ. ಆಮೇಲೆ ಅಭಿಮನ್ಯು, ಅಂದ್ರೆ ಶತ್ರುವಿನ ಮಗ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ, ಆಮೇಲೆ ತಮ್ಮ ದುಶ್ಶಾಸನ, ಆಮೇಲೆ ಕರ್ಣ. ಈ ಕ್ರಮವನ್ನ ರನ್ನ ಸುಮ್ನೆ ಇಟ್ಟಿಲ್ಲ, ನಷ್ಟ ಹತ್ತಿರ ಹತ್ತಿರ ಬರ್ತಾ ಇದೆ ನೋಡಿ, ಮತ್ತೆ ಅವನ ಲೆಕ್ಕದಲ್ಲಿ ಎಲ್ಲರಿಗಿಂತ ಹತ್ತಿರ ಇರೋನು ರಕ್ತಸಂಬಂಧಿ ಅಂತ ಲೋಕಕ್ಕೆ ಗೊತ್ತಿಲ್ಲದ ಗೆಳೆಯ. ಅಭಿಮನ್ಯುವಿನ ಹತ್ರ ನಿಂತಾಗ ದ್ವೇಷದ ಒಂದು ಮಾತೂ ಬರಲ್ಲ. ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರೋ ಅಂಥ ಸಾವು ನನಗೆ ಸಿಗಲಿ ಅಂತ ಆ ಹುಡುಗನ ಹೆಣದ ಹತ್ರ ಬೇಡ್ಕೊಳ್ತಾನೆ. ಆರೇಳು ಜನ ಸೇರಿ ಕೊಂದ ಹುಡುಗ ಅವನು, ಕೊಂದ ಕಡೆಯ ರಾಜ ಇವನು. ಅದೂ ನೆನಪಲ್ಲಿರಲಿ, ಇದೂ ಇರಲಿ, ಎರಡರಲ್ಲಿ ಒಂದನ್ನ ಬಿಟ್ಟು ಓದಿದ್ರೆ ಪದ್ಯ ಅರ್ಧ ಆಗೋಗುತ್ತೆ.

ಈಗ ಒಂದು ಪದ್ಯವನ್ನ ಪೂರ್ತಿ ಓದೋದು ಹೇಗೆ ಅಂತ ನೋಡೋಣ, ಮಗನ ಹೆಣದ ಮುಂದೆ ಅವನು ಹೇಳೋದು:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ಮೊದಲು ಅರ್ಥದ ಗೋಜಿಗೇ ಹೋಗದೆ ಎರಡು ಸಲ ಜೋರಾಗಿ ಓದಿ. ಇದು ಕಂದಪದ್ಯ, ನಾಲ್ಕು ನಾಲ್ಕು ಮಾತ್ರೆಯ ಗಣಗಳಲ್ಲಿ ಹೋಗುತ್ತೆ, ಒಂದು ಸಾಲು ಗಿಡ್ಡ, ಮುಂದಿನದು ಉದ್ದ. ಆಮೇಲೆ ಪೆನ್ಸಿಲಲ್ಲಿ ಎರಡನೇ ಸಾಲು ಬಿಡಿಸಿ: ಕುಡುವುದು ಉಚಿತಂ, ಅದು ಕೆಟ್ಟು, ಈಗಳ್. ಇಷ್ಟು ಬಿಡಿಸಿದ್ರೆ ಅರ್ಧ ಹಳಗನ್ನಡ ಕರಗಿಹೋಗುತ್ತೆ, ಉಳಿಯೋದು ನಮ್ಮ ಮನೆ ಮಾತೇ. ಅಪ್ಪನಿಗೆ ಮಗ ತರ್ಪಣ ಬಿಡೋದು ಸರಿ, ಅದು ಕೆಟ್ಟು ಈಗ ನಿನಗೆ ನಾನು ಬಿಡೋ ಹಾಗಾಯ್ತಲ್ಲ, ಮಗನೇ, ಹೀಗೆ ಕ್ರಮ ತಿರುಗಿಸಬಹುದಾ ನೀನು? ಸತ್ತ ಮಗನನ್ನ ಗದರಿಸೋ ಹಾಗೆ ಕೇಳ್ತಿದಾನೆ ಗಮನಿಸಿ. ಅಯ್ಯೋ ಅನ್ನೋ ಮಾತಿಲ್ಲ, ಕಣ್ಣೀರಿನ ವರ್ಣನೆ ಇಲ್ಲ, ನಾಲ್ಕು ಸಾಲಲ್ಲಿ ಮುಗೀತು. ದುಶ್ಶಾಸನನ ಹತ್ರಾನೂ ಇದೇ ಧಾಟಿ: ಅಮ್ಮನ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು, ಎಲ್ಲದರಲ್ಲೂ ನನ್ನ ಹಿಂದೆ ಬಂದೋನು ಸಾವಲ್ಲಿ ಮಾತ್ರ ಮುಂದೆ ಹೋಗ್ಬಿಟ್ಯಲ್ಲ ಅಂತ. ಎರಡನ್ನೂ ಒಟ್ಟಿಗೆ ಇಟ್ಕೊಂಡು ಓದಿ, ಅಣ್ಣ ಅಪ್ಪ ಅನ್ನೋ ಹಿರಿತನ ಒಂದೇ ಅವನಿಗೆ ಉಳಿದಿರೋದು, ಅದನ್ನೂ ಸಾವು ಕಿತ್ಕೊಂಡಿದೆ ಅಂತ ಕಾಣುತ್ತೆ.

ಕರ್ಣನ ಹತ್ರ ಬಂದಾಗ ತುಂಬಾ ನಿಧಾನ ಆಗಿ, ಇಡೀ ಕಾವ್ಯದಲ್ಲಿ ನನಗೆ ಅತಿ ಕಷ್ಟದ ಜಾಗ ಇದು. ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ನೀನು ಯಾರ ಮಗ ಅಂತ ಬೇರೆ ಯಾರಿಗೂ ಗೊತ್ತಿಲ್ಲ ಅಂಗಾಧಿಪತಿ ಅಂತಾನೆ. ಆನರಿವೆಂ ಪೃಥೆಯರಿವಳ್ ಅಂತ ಶುರು ಆಗೋ ಪದ್ಯ ಅದು. ಒಂದು ಕ್ಷಣ ಪುಸ್ತಕ ಕೆಳಗಿಟ್ಟು ಯೋಚನೆ ಮಾಡಿ. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಣ್ಣನನ್ನ ತಮ್ಮಂದಿರ ಮೇಲೆ ಬಿಟ್ಟ. ಹಾಗಾದ್ರೆ ಆ ಗೆಳೆತನ ಏನು, ಪ್ರೀತಿನಾ, ಉಪಯೋಗಿಸ್ಕೊಂಡಿದ್ದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನ್ನ ಪ್ರಕಾರ ಎರಡೂ ನಿಜ, ಮತ್ತೆ ಅವನು ಇದನ್ನ ಕೇಳೋರಿಲ್ಲದ ಜಾಗದಲ್ಲಿ ಹೆಣದ ಮುಂದೆ ಬಾಯಿಬಿಟ್ಟು ಹೇಳೋದೇ ಅವನ ಶಿಕ್ಷೆ. ಈಡಿಪಸ್‌ಗೆ ಗೊತ್ತಿಲ್ಲದ್ದು ಗೊತ್ತಾಗಿ ಸರ್ವನಾಶ ಆಗುತ್ತೆ, ಇಲ್ಲಿ ಗೊತ್ತಿದ್ದನ್ನೇ ಮುಚ್ಚಿಟ್ಟು ಆಗಿದ್ದು, ಈ ವ್ಯತ್ಯಾಸ ಹಿಡ್ಕೊಂಡು ಓದಿದ್ರೆ ಮುಂದಿನದೆಲ್ಲ ಬೇರೆ ತರ ಕೇಳಿಸುತ್ತೆ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗಿ, ಧೃತರಾಷ್ಟ್ರ ಗಾಂಧಾರಿ ಬಂದು ಸಂಧಿ ಮಾಡ್ಕೋ ಮಗನೇ ಅಂತ ಅಂಗಲಾಚೋ ಭಾಗ ಓದಿ. ಅವನು ಒಪ್ಪಲ್ಲ. ಮುಂದೆ ಭೀಷ್ಮನೂ ಸಂಧಿ ಮಾಡ್ಕೋ ಅಂದಾಗ, ನೆಲಕ್ಕೋಸ್ಕರ ಹೋರಾಡ್ತೀನಿ ಅಂದ್ಕೊಂಡ್ರಾ, ಛಲಕ್ಕೋಸ್ಕರ, ಕರ್ಣನನ್ನ ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳ್ತೀನಾ ಅಂತ ಉತ್ತರ ಕೊಡ್ತಾನೆ. ಮೊದಲೇ ಓದಿದ್ರೆ ಇದು ಬರೀ ಹಠ ಅನ್ಸುತ್ತೆ. ಕರ್ಣನ ಮುಂದೆ ಅವನನ್ನ ನೋಡಿ ಬಂದ ಮೇಲೆ ಓದಿದ್ರೆ, ಗೆದ್ರೂ ಕೂತ್ಕೊಳ್ಳೋಕೆ ಅವನಿಗೆ ಸಿಂಹಾಸನ ಇಲ್ಲ ಅನ್ನೋದು ಅರ್ಥ ಆಗುತ್ತೆ. ಹೀಗೆ ಹಿಂದೆ ಮುಂದೆ ಹೋಗೋದು ಈ ಕಾವ್ಯಕ್ಕೆ ಹೊಂದುತ್ತೆ ಕೂಡ, ರನ್ನನೇ ಸಿಂಹಾವಲೋಕನ ಕ್ರಮ ಅಂತ ಇಡೀ ಭಾರತದ ಕಥೆಯನ್ನ ತಿರುಗಿ ನೋಡ್ತಾ ಹೇಳಿದಾನೆ.

ಭೀಷ್ಮನ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರದಲ್ಲಿ ಅಡಗೋದು, ಭೀಮನ ಕೂಗು ಕೇಳಿ ನೀರೊಳಗಿದ್ರೂ ಬೆವರೋದು, ಗದಾಯುದ್ಧ, ಊರುಭಂಗ ಅಂದ್ರೆ ತೊಡೆ ಮುರಿಯೋದು, ಇದೆಲ್ಲ ವೇಗವಾಗಿ ಓದಿಸ್ಕೊಂಡು ಹೋಗುತ್ತೆ, ಸಹಾಯ ಬೇಕಾಗಲ್ಲ. ಆದ್ರೆ ದ್ರೌಪದಿ ಮಾತಾಡೋ ಭಾಗ ಬಿಡಬೇಡಿ, ಖಂಡಿತ ಬಿಡಬೇಡಿ. ಅವಳ ಮುಡಿ, ಅವಳಿಗಾದ ಅವಮಾನ ಓದದೆ ದುರ್ಯೋಧನನಿಗೆ ಮರುಗೋದು ಅನ್ಯಾಯ. ದುರ್ಯೋಧನ ಒಳ್ಳೆಯವನು ಅಂತ ವಾದ ಮಾಡೋಕೆ ಈ ಕಾವ್ಯವನ್ನ ಎಳೆದು ತರೋದು ನೋಡಿದ್ರೆ ನನಗೆ ಬೇಜಾರಾಗುತ್ತೆ, ತಪ್ಪು ಮಾಡಿದೋನಿಗೂ ಮಗ ಸತ್ರೆ ಹೊಟ್ಟೆ ಉರಿಯುತ್ತೆ ಅಂತಷ್ಟೇ ರನ್ನ ಹೇಳ್ತಿರೋದು, ಅಷ್ಟೇ ಸಾಕಷ್ಟು ದೊಡ್ಡ ಮಾತು.

ಇನ್ನೊಂದು ವಿಷಯ, ಇದನ್ನ ಗುಂಪಲ್ಲಿ ಓದೋರಿಗೆ. ಮನೇಲಿ ಈಚೆಗೆ ಸಾವಾಗಿರೋರು, ಅದರಲ್ಲೂ ಮಕ್ಕಳನ್ನ ಕಳ್ಕೊಂಡೋರು ಗುಂಪಲ್ಲಿದ್ರೆ ಲಕ್ಷಣಕುಮಾರನ ಪದ್ಯ ಬರುತ್ತೆ ಅಂತ ಮುಂಚೇನೇ ಹೇಳಿ. ಕೆಲವರಿಗೆ ಅದು ಬೇಕಾಗುತ್ತೆ, ಕೆಲವರಿಗೆ ಆಗಲ್ಲ, ಅವರೇ ತೀರ್ಮಾನ ಮಾಡ್ಲಿ. ಓದಿದ ಮೇಲೆ ತಕ್ಷಣ ಚರ್ಚೆ ಶುರು ಮಾಡದೆ ಸ್ವಲ್ಪ ಹೊತ್ತು ಸುಮ್ನಿರಿ. ಗಮಕಿಗಳು ಹಾಡಿ ವ್ಯಾಖ್ಯಾನ ಮಾಡೋ ಕಾರ್ಯಕ್ರಮ ನಿಮ್ಮೂರಲ್ಲಿ ಆದ್ರೆ ಒಂದ್ಸಲ ಹೋಗಿ ಕೇಳಿ, ಕಣ್ಣಿಗೆ ಗಟ್ಟಿ ಅನ್ಸಿದ ಪದ್ಯ ಕಿವಿಗೆ ಸಲೀಸಾಗಿ ಬೀಳುತ್ತೆ.

ಗದಾಯುದ್ಧ ಮುಗಿದ ಮೇಲೆ ಬಿ.ಎಂ.ಶ್ರೀ ಇದನ್ನೇ ಗ್ರೀಕ್ ರುದ್ರನಾಟಕದ ಮಾದರಿಗೆ ತಂದ ಗದಾಯುದ್ಧ ನಾಟಕಂ ತಗೊಳ್ಳಿ, ರನ್ನನ ಪದ್ಯಗಳನ್ನೇ ಬಳಸಿದಾರೆ, ಏನನ್ನ ಉಳಿಸ್ಕೊಂಡ್ರು ಏನನ್ನ ಬಿಟ್ರು ಅಂತ ಹೋಲಿಸಿ ನೋಡಿ. ಸೋಫೋಕ್ಲಿಸ್‌ನ ಏಜಾಕ್ಸ್ ನಾಟಕದ ಆಧಾರದಲ್ಲಿ ಅವರೇ ಬರೆದ ಅಶ್ವತ್ಥಾಮನ್ ಅದರ ಜೊತೆಗಿರಲಿ. ಪಂಪರಾಮಾಯಣ ಬರೆದ ನಾಗಚಂದ್ರನ ರಾವಣ ಸೀತೆಯ ವಿಷಯದಲ್ಲಿ ಮನಸ್ಸು ಬದಲಾಯಿಸಿ ಪಶ್ಚಾತ್ತಾಪ ಪಡೋ ಭಾಗ ಆಮೇಲೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನ ಹೊತ್ಕೊಂಡು ಸ್ಮಶಾನಕ್ಕೆ ಬರೋದನ್ನ ಕೊನೇಗಿಟ್ಕೊಳ್ಳಿ, ಅದು ಷಟ್ಪದಿ, ಓಟ ಬೇರೆ ತರ ಇರುತ್ತೆ, ಒಂದೇ ಕೂತಲ್ಲಿ ಓದಿಬಿಡಿ.