ಅಮೆರಿಕಕ್ಕೆ ಬಂದವರೇ, ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಫ್ರೀಜ್ ಹಾಕಿ

ಓಟಿಪಿ ಯಾರಿಗೂ ಹೇಳಬಾರದು, ಪಾಸ್‌ವರ್ಡ್ ಗಟ್ಟಿಯಾಗಿರಬೇಕು ಅನ್ನೋದನ್ನ ಮೈಸೂರು, ಮಂಡ್ಯದಿಂದ ಓದೋಕೋ ಕೆಲಸಕ್ಕೋ ಅಮೆರಿಕಕ್ಕೆ ಬರುವವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರತಿ ವರ್ಷ ಹೊಸಬರು ಬಂದಾಗಲೂ ಒಂದು ತಪ್ಪು ಮಾತ್ರ ತಪ್ಪದೆ ಆಗುತ್ತೆ: ಅಮೆರಿಕದ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರನ್ನ, ಅಂದ್ರೆ ಎಸ್‌ಎಸ್‌ಎನ್ ಅನ್ನ, ಆಧಾರ್ ಥರ ಕೇಳಿದವರಿಗೆಲ್ಲ ಕೊಟ್ಟುಬಿಡೋದು.

ಊರಲ್ಲಿ ಆಧಾರ್ ಜೆರಾಕ್ಸ್ ಕೊಡದ ಜಾಗವೇ ಇಲ್ಲ. ಸಿಮ್ ಅಂಗಡಿಗೆ, ಲಾಡ್ಜಿಗೆ, ಕಡೆಗೆ ಪ್ರಿಂಟ್ ತೆಗೆಸೋಕೆ ಸಯ್ಯಾಜಿ ರಾವ್ ರಸ್ತೆಯ ಜೆರಾಕ್ಸ್ ಅಂಗಡಿಯವರ ವಾಟ್ಸಾಪಿಗೂ ಕಳಿಸಿರ್ತೀವಿ. ಅದೂ ಒಳ್ಳೆಯ ಅಭ್ಯಾಸವಲ್ಲ. ಆದರೂ ಆಧಾರ್‌ಗೆ ಓಟಿಪಿ ಇದೆ, ಬೆರಳಚ್ಚು ಇದೆ, ಆ ಬೆರಳಚ್ಚನ್ನ ಲಾಕ್ ಮಾಡುವ ಸೌಲಭ್ಯವೂ ಇದೆ. ಎಸ್‌ಎಸ್‌ಎನ್‌ಗೆ ಅಂಥ ಕಾವಲಿಲ್ಲ. ಆ 9 ಅಂಕಿ, ಹೆಸರು, ಹುಟ್ಟಿದ ದಿನ, ವಿಳಾಸ ಸಿಕ್ಕರೆ ಇನ್ನೊಬ್ಬರು ನಿಮ್ಮ ಹೆಸರಲ್ಲಿ ಸಾಲ ಎತ್ತಬಹುದು, ನಿಮ್ಮ ತೆರಿಗೆ ರಿಫಂಡ್ ತಿನ್ನಬಹುದು. ಈ ವಿಷಯದಲ್ಲಿ ನಮ್ಮ ದೇಶದ ವ್ಯವಸ್ಥೆಯೇ ಮೇಲು.

ಮದ್ದೂರು ಕಡೆಯ ಹುಡುಗನೊಬ್ಬ ಬಾಡಿಗೆ ಮನೆ ಕೈತಪ್ಪೀತು ಅಂತ ಪಾಸ್‌ಪೋರ್ಟ್, ವೀಸಾ, ಎಸ್‌ಎಸ್‌ಎನ್ ಕಾರ್ಡ್ ಮೂರರ ಫೋಟೊವನ್ನೂ ಜಾಹೀರಾತು ಹಾಕಿದವನಿಗೆ ಕಳಿಸಿದ. ಮನೆಯೂ ಇರಲಿಲ್ಲ, ಮಾಲೀಕನೂ ಇರಲಿಲ್ಲ. ಮುಂದಿನ ವರ್ಷ ತೆರಿಗೆ ರಿಟರ್ನ್ ಸಲ್ಲಿಸೋಕೆ ಹೋದರೆ, ಅವನ ನಂಬರಿನಲ್ಲಿ ಆಗಲೇ ಬೇರೆ ಯಾರೋ ರಿಟರ್ನ್ ಸಲ್ಲಿಸಿದ್ದಾರೆ ಅಂತ ತಿರಸ್ಕಾರ. ಗುರುತು ಕಳುವಾಗಿದೆ ಅಂತ ತಿಳಿಸುವ ಫಾರ್ಮ್ 14039 ತುಂಬಿ, ರಿಟರ್ನನ್ನ ಕಾಗದದ ಮೇಲೆ ಅಂಚೆಗೆ ಹಾಕಿ, ರಿಫಂಡ್‌ಗೆ ತಿಂಗಳುಗಟ್ಟಲೆ ಕಾದ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು. ನೀವು ಎಷ್ಟೇ ಜೋಪಾನ ಮಾಡಿದರೂ ಸಾಲದು: 2017ರಲ್ಲಿ ಜನರ ಸಾಲದ ಚರಿತ್ರೆ ಇಟ್ಟುಕೊಂಡು ವರದಿ ಕೊಡುವ ಕ್ರೆಡಿಟ್ ಬ್ಯೂರೋಗಳಲ್ಲಿ ಒಂದಾದ ಈಕ್ವಿಫ್ಯಾಕ್ಸ್‌ನಿಂದಲೇ ಸುಮಾರು 14.7 ಕೋಟಿ ಜನರ ವಿವರ ಕಳುವಾಗಿತ್ತು.

ಇದಕ್ಕೆ ಮದ್ದು ಕ್ರೆಡಿಟ್ ಫ್ರೀಜ್. 2018ರ ಸೆಪ್ಟೆಂಬರ್‌ನಿಂದ ಕಾನೂನಿನ ಪ್ರಕಾರ ಪೂರ್ತಿ ಉಚಿತ. ಫ್ರೀಜ್ ಇದ್ದರೆ ಹೊಸದಾಗಿ ಸಾಲ ಕೊಡುವವರಿಗೆ ನಿಮ್ಮ ವರದಿ ಕಾಣೋದಿಲ್ಲ, ಹಾಗಾಗಿ ಸಾಲವೂ ಹುಟ್ಟೋದಿಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಬೇರೆ ಬೇರೆಯಾಗಿ ಹಾಕಬೇಕು. ಒಂದರಲ್ಲಿ ಹಾಕಿದರೆ ಉಳಿದೆರಡಕ್ಕೆ ಅದು ತಾನಾಗಿ ಹೋಗೋದಿಲ್ಲ. ಒಂದೇ ಕಡೆ ಹೇಳಿದರೆ ಮೂರಕ್ಕೂ ತಲುಪೋದು ಫ್ರಾಡ್ ಅಲರ್ಟ್, ಅದು ಬರೀ ಎಚ್ಚರಿಕೆ. ವೆಬ್‌ಸೈಟಿನಲ್ಲಿ "ಲಾಕ್" ಅಂತ, ಕೆಲವು ಕಡೆ ತಿಂಗಳ ಶುಲ್ಕದ, ಬೇರೆ ಸೇವೆಯನ್ನ ಮುಂದೆ ತಳ್ತಾರೆ. ಅದು ಬೇಡ, ಫ್ರೀಜ್ ಅಂತಲೇ ಹುಡುಕಿ. ಆನ್‌ಲೈನ್‌ನಲ್ಲೋ ಫೋನಿನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಹಾಕಬೇಕು, ತೆಗೆಯೋಕೆ ಹೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು. ಮನೆ ಬಾಡಿಗೆಗೋ ಕಾರಿನ ಸಾಲಕ್ಕೋ ವರದಿ ಬೇಕಾದಾಗ ಯಾವ ಬ್ಯೂರೋ ನೋಡ್ತೀರಿ ಅಂತ ಅವರನ್ನೇ ಕೇಳಿ, ಅದೊಂದರಲ್ಲಿ ಮಾತ್ರ ಎರಡು ಮೂರು ದಿನದ ಮಟ್ಟಿಗೆ ತೆಗೆಯಿರಿ.

ಹೊಸಬರು ಎಡವೋದು ಇಲ್ಲೇ. ಕೈಗೆ ಎಸ್‌ಎಸ್‌ಎನ್ ಬಂದ ದಿನವೇ ಹೋದರೆ ಬ್ಯೂರೋದಲ್ಲಿ ನಿಮ್ಮ ಕಡತವೇ ಇರೋದಿಲ್ಲ. ಆನ್‌ಲೈನ್‌ನಲ್ಲಿ ಗುರುತು ಸಾಬೀತಾಗಲಿಲ್ಲ ಅಂತ ಬರುತ್ತೆ. ಬಹಳ ಜನ ಅಲ್ಲಿಗೇ ಕೈಬಿಟ್ಟು ಮರೆತುಬಿಡ್ತಾರೆ. ಮೊದಲ ಕ್ರೆಡಿಟ್ ಕಾರ್ಡ್ ಬಂದು ಒಂದೆರಡು ಬಿಲ್ ಕಟ್ಟಿದ ಮೇಲೆ ಆನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ವರದಿ ಉಚಿತವಾಗಿ ತೆಗೆದು ನೋಡಿ, ಕಡತ ಕಂಡ ಕೂಡಲೇ ಫ್ರೀಜ್ ಹಾಕಿ. ಆಗಲೂ ಆಗದಿದ್ದರೆ ಗುರುತಿನ ಚೀಟಿ, ವಿಳಾಸದ ಪುರಾವೆ ಸೇರಿಸಿ ಅಂಚೆಯಲ್ಲಿ ಕಳಿಸಿ.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ತೊಡಕು. ಊರಿನ ಹೆಸರು, ಅಪ್ಪನ ಹೆಸರು ಬರೀ ಇನಿಷಿಯಲ್ ಆಗಿರುತ್ತೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಆಗ ಅಮೆರಿಕದ ವೀಸಾದಲ್ಲಿ ಇರೋ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಕೂರುತ್ತೆ. ಬ್ಯಾಂಕಿನಲ್ಲಿ ಒಂದು ಥರ, ಲೈಸೆನ್ಸಿನಲ್ಲಿ ಇನ್ನೊಂದು ಥರ ದಾಖಲಾದರೆ ಬ್ಯೂರೋದಲ್ಲಿ ಒಬ್ಬರಿಗೇ ಎರಡು ಕಡತ ಹುಟ್ಟಬಹುದು. ಒಂದನ್ನ ಫ್ರೀಜ್ ಮಾಡಿ ನಿಶ್ಚಿಂತೆಯಾಗಿದ್ದರೆ ಇನ್ನೊಂದು ತೆರೆದೇ ಇರುತ್ತೆ. ಹೊರಡೋ ಮುಂಚೆ, ವೀಸಾಕ್ಕೆ ಅರ್ಜಿ ಹಾಕೋಕೂ ಮೊದಲು, ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗವಾಗಿ ಬರುವಂತೆ ಸರಿಮಾಡಿಸಿಕೊಳ್ಳಿ. ಮೈಸೂರಿನ ಅಂಚೆ ಕಚೇರಿಯಲ್ಲೇ 2017ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾಗಿದೆ. ಆಗಲೇ ಬಂದಿದ್ದರೆ ಬ್ಯಾಂಕಿಗೂ ಲೈಸೆನ್ಸಿಗೂ ಒಂದೇ ಕಾಗುಣಿತ ಕೊಡಿ.

ಫ್ರೀಜ್ ತೆರಿಗೆ ರಿಫಂಡಿನ ಕಳ್ಳತನವನ್ನ ತಡೆಯೋದಿಲ್ಲ. ಅದಕ್ಕೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ 6 ಅಂಕಿಯ ಐಪಿ ಪಿನ್ ಬೇಕು. ಎಸ್‌ಎಸ್‌ಎನ್ ಇದ್ದು ಗುರುತು ಸಾಬೀತು ಮಾಡಬಲ್ಲ ಯಾರು ಬೇಕಾದರೂ ಪಡೆಯಬಹುದು, ಪ್ರತಿ ವರ್ಷ ಬದಲಾಗುತ್ತೆ. ಅದಿಲ್ಲದೆ ನಿಮ್ಮ ನಂಬರಿನಲ್ಲಿ ಇ-ಫೈಲ್ ಮಾಡಿದ ರಿಟರ್ನ್ ಸ್ವೀಕಾರವಾಗೋದಿಲ್ಲ. ಆನ್‌ಲೈನ್‌ನಲ್ಲಿ ಆಗದಿದ್ದರೆ ಹತ್ತಿರದ ಐಆರ್‌ಎಸ್ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತಗೊಳ್ಳಿ.

ಇಲ್ಲಿ ಕಾರ್ಡಿಗೆ ಸಾಮಾನ್ಯವಾಗಿ ಓಟಿಪಿ ಬರೋದಿಲ್ಲ. ಆನ್‌ಲೈನ್ ಖರೀದಿಗೆ ಡೆಬಿಟ್ ಕಾರ್ಡ್ ಬಳಸಲೇಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ಕಾನೂನಿನಂತೆ ನಿಮ್ಮ ಹೊಣೆ ಹೆಚ್ಚೆಂದರೆ 50 ಡಾಲರ್. ಡೆಬಿಟ್‌ನಲ್ಲಿ ತಿಳಿಸೋದು ತಡವಾದಷ್ಟೂ ಹೊಣೆ 500 ಡಾಲರಿಗೆ, ಆಮೇಲೆ ಅದಕ್ಕೂ ಮೇಲೆ ಹೋಗಬಹುದು.

ಊರಿನ ಸಿಮ್ಮನ್ನೂ ಸಾಯೋಕೆ ಬಿಡಬೇಡಿ. ಪ್ರಿಪೇಯ್ಡ್ ನಂಬರ್ 90 ದಿನ ಬಳಕೆಯಿಲ್ಲದೆ, 20 ರೂಪಾಯಿ ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ನಿಂತುಹೋಗಬಹುದು, ಮುಂದೆ ಅದು ಬೇರೆಯವರ ಪಾಲಾಗುತ್ತೆ. ಆಗ ನಿಮ್ಮ ಬ್ಯಾಂಕಿನ ಓಟಿಪಿ ಹೋಗೋದು ಅವರಿಗೇ. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ದಿನವನ್ನ ಮನೆಯ ಕ್ಯಾಲೆಂಡರ್‌ನಲ್ಲಿ ಅಮ್ಮನ ಕೈಲೇ ಗುರುತು ಹಾಕಿಸಿ ಬನ್ನಿ.