ಮೀನಿನ ವಾಸನೆ, 32 ಆಂಪ್ಸ್ ಎಂಸಿಬಿ ಮತ್ತೆ ನಮ್ಮನೆ ವೈರಿಂಗು

ಹೋದ ಮಳೆಗಾಲದಲ್ಲಿ ಹಾಸನದ ಮನೆಗೆ ಹೋದಾಗ ಅಮ್ಮಂದು ಒಂದೇ ಕಂಪ್ಲೇಂಟು, ಬೆಳಗ್ಗೆ ಆದ್ರೆ ಸಾಕು ಅಡುಗೆಮನೇಲಿ ಮೀನಿನ ವಾಸನೆ ಕಣೋ, ಪಕ್ಕದ್ಮನೆಯವ್ರು ತಿಂಡಿಗೇ ಮೀನು ಹುರೀತಾರೇನೋ ಅಂತ. ಪಕ್ಕದ್ಮನೆಯವ್ರು ಒಂದು ವಾರದಿಂದ ಊರಲ್ಲೇ ಇರ್ಲಿಲ್ಲ. ವಾಸನೆ ಜಾಡು ಹಿಡ್ಕೊಂಡು ಹೋದ್ರೆ ಅದು ಹೋಗಿ ನಿಂತಿದ್ದು ಸಿಂಕ್ ಮೇಲಿನ ಸ್ವಿಚ್ ಬೋರ್ಡ್ ಹತ್ರ. ಬಿಳಿ ಸಾಕೆಟ್ ಸುತ್ತ ಟೀ ಕಲೆ ತರ ಕಂದು ಬಣ್ಣ, ಕೈ ಇಟ್ರೆ ಬಿಸಿ. ಸಾಕೆಟ್ಟಿನ ಪ್ಲಾಸ್ಟಿಕ್ಕು ಒಳಗೊಳಗೇ ಬೇಯೋಕೆ ಶುರುವಾದ್ರೆ ಎಷ್ಟೋ ಸಲ ಹಿಂಗೇ ಮೀನಿನ ವಾಸನೆ ಬರುತ್ತೆ, ನಿಮ್ಮನೇಲೂ ಬಂದ್ರೆ ಪಕ್ಕದ್ಮನೆ ಬಿಟ್ಟು ಮೊದ್ಲು ಬೋರ್ಡ್ ಮುಟ್ಟಿ ನೋಡಿ.

ಅಪ್ಪನ್ನ ಕೇಳಿದ್ರೆ ಪೂರ್ತಿ ಕತೆ ಹೊರಗೆ ಬಂತು. ಬಾತ್‌ರೂಮಿಗೆ 3000 ವ್ಯಾಟಿನ ಇನ್ಸ್ಟಂಟ್ ಗೀಸರ್ ಹಾಕ್ಸಿದಾರೆ, ಅಲ್ಲಿ ಪವರ್ ಪಾಯಿಂಟ್ ಇಲ್ಲ ಅಂತ ಗೋಡೆ ತೂತು ಮಾಡಿ ಅದರ ವೈರನ್ನ ಅಡುಗೆಮನೆಗೆ ತಂದು, ದಪ್ಪ ಪಿನ್ನು ಸಣ್ಣ ಸಾಕೆಟ್ಟಿಗೆ ಹೋಗಲ್ವಲ್ಲ, ಮಧ್ಯ ಒಂದು ಕನ್ವರ್ಟರ್ ಪ್ಲಗ್. ಆ ಪಿನ್ನು ಹೋಗ್ಬಾರ್ದು ಅಂತಾನೇ ದಪ್ಪ ಮಾಡಿರೋದು ಸ್ವಾಮಿ! ಆಮೇಲೆ ಗೀಸರ್ ಆನ್ ಇದ್ದಾಗ ಅಮ್ಮ ಇಂಡಕ್ಷನ್ ಇಟ್ಕೊಂಡು ಮಿಕ್ಸಿಲಿ ಚಟ್ನಿಗೆ ಹಾಕಿದ್ರೆ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಟ್ರಿಪ್ ಆಗೋದಂತೆ, ಯಾರೋ ಹುಡುಗ ಬಂದು 16 ಆಂಪ್ಸಿನ ಎಂಸಿಬಿ ಕಿತ್ತು 32ರದ್ದು ಹಾಕಿ "ಇನ್ನು ಟ್ರಿಪ್ ಆದ್ರೆ ಕೇಳಿ ಸಾರ್" ಅಂದು ಹೋಗಿದಾನೆ. ನಿಜ, ಆಮೇಲೆ ಒಂದ್ಸಲಾನೂ ಟ್ರಿಪ್ ಆಗಿಲ್ಲ.

ಲೆಕ್ಕ ಏನು ದೊಡ್ಡದಲ್ಲ, ವ್ಯಾಟನ್ನ 230ರಿಂದ ಭಾಗಿಸಿದ್ರೆ ಆಂಪ್ಸ್ ಬರುತ್ತೆ. ಗೀಸರ್ 13, ಇಂಡಕ್ಷನ್ 2000 ವ್ಯಾಟು ಅಂದ್ರೆ 8.7, ಮಿಕ್ಸಿ 750 ವ್ಯಾಟು ಅಂದ್ರೆ 3.3, ಒಟ್ಟು 25. ಇದೆಲ್ಲ ಒಂದೇ ಲೈನಲ್ಲಿ. 16ರ ಎಂಸಿಬಿ ಟ್ರಿಪ್ ಆಗಿದ್ದು ತಪ್ಪಲ್ಲ, ಅದರ ಕೆಲಸಾನೇ ಅದು. ಇನ್ನು 32ರದ್ದು 25ಕ್ಕೆ ಯಾಕಾದ್ರೂ ಬೀಳುತ್ತೆ? ಮನೆಗೆ ಹಾಕೋ ಎಂಸಿಬಿ ತನ್ನ ರೇಟಿಂಗಿನ 1.13 ಪಟ್ಟು ಕರೆಂಟ್ ಒಂದು ಗಂಟೆ ಹರಿದ್ರೂ ಬೀಳಬಾರದು, 1.45 ಪಟ್ಟಾದ್ರೆ ಒಂದು ಗಂಟೆ ಒಳಗೆ ಬೀಳಲೇಬೇಕು ಅನ್ನೋದು ಅದರ ಸ್ಟ್ಯಾಂಡರ್ಡು. ಅಂದ್ರೆ 32ರದ್ದು 36 ಆಂಪ್ಸ್ ಗಂಟೆಗಟ್ಲೆ ಬಿಡಬಹುದು, ಖಂಡಿತ ಬೀಳುತ್ತೆ ಅನ್ನೋಕೆ 46 ದಾಟ್ಬೇಕು. ಅಷ್ಟೊತ್ತಿಗೆ ಗೋಡೆ ಒಳಗಿನ ವೈರ್ ಗತಿ?

ಆ ವೈರ್ ಯಾವ್ದು ಅಂತ ನೋಡೋಣ ಅಂತ ಮೇನ್ ಆಫ್ ಮಾಡಿ, ಟೆಸ್ಟರ್ ಹಾಕಿ ನೋಡ್ಕೊಂಡು, ಬೋರ್ಡ್ ಬಿಚ್ಚಿದೆ. ಮನೆ 1992ರದ್ದು. ಸಾಕೆಟ್ಟಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಸ್ಕ್ರೂ ಲೂಸು, ಅಲ್ಲಿಂದ ಎರಡಿಂಚು ಕಪ್ಪು ವೈರಿನ ತೊಗಟೆ ಬಗ್ಗಿಸಿದ್ರೆ ಹಪ್ಪಳದ ತರ ಮುರೀತಿತ್ತು, ಒಳಗಿನ ತಾಮ್ರ ಹೊಳಪೇ ಇಲ್ದೆ ಕಪ್ಪಗಾಗಿತ್ತು. ಮೂರೇ ಎಳೆ. ವರ್ನಿಯರಲ್ಲಿ ಹಿಡಿದ್ರೆ ಒಂದೊಂದು ಎಳೆ 0.7 ಮಿಮೀ, ಅಂದ್ರೆ ಹಳೇ ಕೆಲಸಗಾರರು ಹೇಳೋ 3/22 (22 ಗೇಜಿನ ಮೂರೆಳೆ), ಇವತ್ತಿನ ಲೆಕ್ಕದಲ್ಲಿ ತಾಮ್ರದ ದಪ್ಪ 1.2 ಸ್ಕ್ವೇರ್ ಎಂಎಂ ಅಷ್ಟೇ. ಅವತ್ತು ಟ್ಯೂಬ್‌ಲೈಟು ಫ್ಯಾನು ಮಿಕ್ಸಿಗೆ ಅಂತ ಎಳೆದಿದ್ದು, ತಪ್ಪೇನಿಲ್ಲ. ಅದರಲ್ಲಿ ಈಗ 25 ಆಂಪ್ಸ್ ಓಡ್ತಿತ್ತು, ಕರೆಂಟ್ ಎರಡರಷ್ಟಾದ್ರೆ ವೈರಲ್ಲಿ ಹುಟ್ಟೋ ಬಿಸಿ ನಾಕರಷ್ಟು ಅನ್ನೋದು ನೆನಪಿರ್ಲಿ.

ಎಂಸಿಬಿ ಇರೋದು ಗೀಸರ್ ಕಾಯೋಕಲ್ಲ, ವೈರ್ ಕಾಯೋಕೆ. ಇದು ನನಗೂ ಅವತ್ತಿನವರೆಗೆ ಸರಿಯಾಗಿ ತಲೇಲಿ ಕೂತಿರ್ಲಿಲ್ಲ. ಹಂಗಾಗಿ ಲೆಕ್ಕ ಶುರು ಮಾಡೋದು ಲೋಡಿಂದ, ಲೋಡಿಗಿಂತ ಎಂಸಿಬಿ ಸ್ವಲ್ಪ ಜಾಸ್ತಿ, ಎಂಸಿಬಿಗಿಂತ ವೈರ್ ತಡ್ಕೊಳ್ಳೋದು ಜಾಸ್ತಿ, ಸ್ವಿಚ್ಚು ಸಾಕೆಟ್ಟೂ ಎಂಸಿಬಿಗಿಂತ ಕಮ್ಮಿ ಇರ್ಬಾರ್ದು. ಸ್ವಿಚ್ಚಿನ ಬೆನ್ನ ಮೇಲೆ 6 ಅಥವಾ 16 ಅಂತ ಅಚ್ಚು ಹಾಕಿರ್ತಾರೆ, ಅಪ್ಪನ ರೂಮಲ್ಲಿ ದೊಡ್ಡ 16ರ ಸಾಕೆಟ್ ಇತ್ತು, ಅದನ್ನ ಆನ್ ಆಫ್ ಮಾಡೋ ಸ್ವಿಚ್ಚು 6ರದ್ದು. ಮುಂದಿನಿಂದ ನೋಡಿದ್ರೆ ಗೊತ್ತೇ ಆಗಲ್ಲ.

ಲೋಡ್ ಲೆಕ್ಕ, ಯಾವ ಪಾಯಿಂಟ್ ಎಲ್ಲಿ, ಹಳೇ ವೈರ್ ಎಳೆದು ಹೊಸದು ತೂರ್ಸೋದು ನಾನು ಮಾಡಿದೆ, ಡಿಬಿ ಬಾಕ್ಸಿನ (ಎಂಸಿಬಿಗಳೆಲ್ಲ ಇರೋ ಡಬ್ಬ) ಕನೆಕ್ಷನ್ನು ಮತ್ತೆ ಟೆಸ್ಟಿಂಗು ಲೈಸೆನ್ಸ್ ಇರೋ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಕೈಲಿ. ಅದನ್ನ ನಾನೇ ಮಾಡ್ತೀನಿ ಅನ್ನೋ ಶೋಕಿ ಬೇಡ. ಗೀಸರಿಗೆ ಡಿಬಿಯಿಂದ ನೇರ 4 ಸ್ಕ್ವೇರ್ ಎಂಎಂ ಲೈನು, 16ರ ಎಂಸಿಬಿ, 16ರ ಸಾಕೆಟ್ಟು. 2.5 ಸಾಕಿತ್ತಣ್ಣ ಅಂದ್ರು ಅಂಗಡಿಯವ್ರು, ಆದ್ರೆ ಪೈಪು ಹೋಗೋದು ಮಧ್ಯಾಹ್ನದ ಬಿಸಿಲು ಬಡಿಯೋ ಗೋಡೇಲಿ, ಜೊತೆಗೆ ಇನ್ನೂ ನಾಕು ವೈರ್ ಇದೆ, ಬಿಸಿ ಹೊರಗೆ ಹೋಗೋ ದಾರಿ ಇಲ್ದಿದ್ರೆ ವೈರಿನ ತಾಕತ್ತು ಇಳಿಯುತ್ತೆ. ಇಂಡಕ್ಷನ್ನಿಗೆ ಬೇರೆ 2.5 ಲೈನು, 16ರ ಎಂಸಿಬಿ. ಮಿಕ್ಸಿ ಫ್ರಿಜ್ಜಿಗೆ ಇನ್ನೊಂದು 2.5 ಲೈನು, ಅದಕ್ಕೂ 16ರದ್ದೇ, ಅದಕ್ಕೇ ಕಟ್ಟೆ ಮೇಲೆ ಎಲ್ಲಾ ಕಡೆ 6-16 ಎರಡೂ ಪಿನ್ ಹೋಗೋ ಸಾಕೆಟ್ಟೇ ಹಾಕಿದ್ದು, ಬರೀ 6ರ ಸಾಕೆಟ್ ಒಂದೂ ಇಲ್ಲ. ಲೈಟು ಫ್ಯಾನಿಗೆ 1.5 ವೈರು, 6ರ ಎಂಸಿಬಿ, ಎಲ್ಇಡಿ ಕಾಲದಲ್ಲಿ ಇಡೀ ಹಾಲ್ ಸೇರಿದ್ರೂ 2 ಆಂಪ್ಸ್ ದಾಟಲ್ಲ.

ವೈರ್ ತಗೊಳ್ಳುವಾಗ ಮೇಲೆ ಐಎಸ್ 694 ಅಂತ ಪ್ರಿಂಟ್ ಇದ್ಯಾ ನೋಡಿ, ತುದಿ ಬಿಡಿಸಿ ಎಳೆ ಎಣಿಸಿ. ಎಳೆ 0.3 ಮಿಮೀದಾದ್ರೆ 2.5ಕ್ಕೆ 36, 1.5ಕ್ಕೆ 22 ಇರ್ಬೇಕು. ನಾನು ಕೌಂಟರಲ್ಲೇ ನಿಂತು ಎಣಿಸಿದೆ, ಹಿಂದಿನ ಗಿರಾಕಿಗಳು ಬೈಕೊಂಡ್ರು.

ಕೊನೇಲಿ, ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ 30 ಮಿಲಿಆಂಪ್ಸಿನ ಆರ್‌ಸಿಸಿಬಿ ಹಾಕಿದ್ರೆ ನಿಲ್ಲಲೇ ಇಲ್ಲ, ಹಾಲ್ ಲೈಟ್ ಹಾಕಿದ ತಕ್ಷಣ ಟಪ್ ಅಂತ ಬೀಳೋದು. ಅರ್ಧ ದಿನ ಹುಡುಕಿದ್ಮೇಲೆ ಗೊತ್ತಾಯ್ತು, ಇನ್ವರ್ಟರ್ ಹಾಕಿದಾಗ ಯಾರೋ ಹಾಲಿನ ನ್ಯೂಟ್ರಲ್ಲನ್ನ ಆರ್‌ಸಿಸಿಬಿಗಿಂತ ಮುಂಚಿನ ಮೇನ್ ನ್ಯೂಟ್ರಲ್ಲಿಗೆ ಸೇರಿಸಿದ್ರು. ಹೋದ ಕರೆಂಟು ಬೇರೆ ದಾರೀಲಿ ವಾಪಸ್ ಬಂದ್ರೆ ಆರ್‌ಸಿಸಿಬಿ ಅದನ್ನ ಲೀಕೇಜ್ ಅಂತಾನೇ ತಿಳ್ಕೊಳ್ಳುತ್ತೆ. ಹಾಗಂತ ಓವರ್‌ಲೋಡ್ ಆದ್ರೆ ಅದು ಕಾಪಾಡಲ್ಲ, ಎಂಸಿಬಿ ಬೇಕೇ ಬೇಕು. ಗೀಸರಿನ ಅರ್ಥ್ ವೈರೂ ಅಷ್ಟು ದಿನ ಸಾಕೆಟ್ ಹಿಂದೆ ಸುಮ್ನೆ ನೇತಾಡ್ತಿತ್ತು. ಅದನ್ನ ಅಮ್ಮಂಗೆ ಹೇಳಿಲ್ಲ.

ಮಹಡಿ ರೂಮು ಇನ್ನೂ ಬಾಕಿ, ಅಲ್ಲಿ ಹಳೇ 3/22 ಹಂಗೇ ಇದೆ. ಸದ್ಯಕ್ಕೆ ಅದರ 16ರ ಎಂಸಿಬಿ ತೆಗೆದು 6 ಹಾಕಿ ಬಂದಿದೀನಿ. ಇಸ್ತ್ರಿಪೆಟ್ಟಿಗೆ 1000 ವ್ಯಾಟು, 4.3 ಆಂಪ್ಸ್, ಓಡುತ್ತೆ. ಅಪ್ಪ ಚಳಿಗೆ ಅಂತ ರೂಮ್ ಹೀಟರ್ ಹಾಕಿದಾರೆ, ಬಿದ್ದಿದೆ, ಫೋನ್ ಮಾಡಿ "ನಿನ್ ಎಂಸಿಬಿ ಸರಿ ಇಲ್ಲ ಕಣೋ" ಅಂದ್ರು.